ಸುಮಾರಾಗಿ ಹೇಳಿದರೆ ಸಾಕು

ಜೂನ್ 4

ಮಗಳೇ,

ನಿನ್ನ ಕಾಗದ ಬಂತು. ಬಂತು ಎನ್ನುವುದಕ್ಕಿಂತ ಅರ್ಧ ಬಂತು ಎನ್ನಬೇಕು. ಮೊದಲೆಲ್ಲ ಎರಡು ಮಗ್ಗುಲೂ ತುಂಬಿಸಿ, ಜಾಗ ಸಾಲದೆ ಅಂಚಿನಲ್ಲೂ ಅಡ್ಡಡ್ಡ ಬರೆಯುತ್ತಿದ್ದವಳು ಈ ಸಲ ಆರು ಸಾಲಿಗೆ ಮುಗಿಸಿದ್ದೀಯ. ಅದೂ ಎಂಥ ಅಕ್ಷರ! ಕಾಗೆಯ ಕಾಲಿಗೆ ಮಸಿ ಹಚ್ಚಿ ಓಡಿಸಿದ ಹಾಗಿದೆ. ಓಡುವ ಬಸ್ಸಿನಲ್ಲಿ ಕೂತು ಬರೆದೆಯಾ? ಅಥವಾ ನನ್ನ ಮೇಲೆ ಸಿಟ್ಟೇ?

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು, ಪತ್ರ ಬರೆಯುವಾಗ ಮೊದಲು ‘ಹೋಪ್ ಯು ಆರ್ ಇನ್ ದ ಪಿಂಕ್ ಆಫ್ ಹೆಲ್ತ್’ ಎಂದು ಬರೀರಿ ಎನ್ನುತ್ತಿದ್ದರು. ಆರೋಗ್ಯ ಯಾಕೆ ಸಾರ್ ಗುಲಾಬಿ ಬಣ್ಣ ಎಂದು ಕೇಳಿ ಬೆಂಚಿನ ಮೇಲೆ ನಿಂತವನು ನಾನು. ಅದಕ್ಕೇ ಬಣ್ಣ ಬಿಟ್ಟು ಕೇಳುತ್ತೇನೆ: ಚೆನ್ನಾಗಿದ್ದೀಯಾ?

ಆರು ಸಾಲಿನಿಂದ ನಾನು ಹಿಂಡಿ ತೆಗೆದದ್ದು ಇಷ್ಟು. ಪ್ರೆಸ್ಸಿನಲ್ಲಿ ಏನೋ ‘ಸಣ್ಣ ಅನಾಹುತ’ ಆಗಿದೆ. ನಿನ್ನನ್ನು ಮುದ್ರಣದ ಮಷಿನ್ನಿನಿಂದ ಇಳಿಸಿ ಬೈಂಡಿಂಗ್ ಕೋಣೆಯಲ್ಲಿ ಕೂರಿಸಿದ್ದಾರೆ. ಮುಂದಿನ ತಿಂಗಳು ವಿಚಾರಣೆಯಂತೆ. ಕಿವಿ ಕೇಳದವಳು ಮಷಿನ್ ಓಡಿಸಬಹುದೋ ಇಲ್ಲವೋ ಎಂದು ಅಲ್ಲಿ ತೀರ್ಮಾನವಂತೆ. ಯಾರಿಗೇನು ಅನಾಹುತ, ಎಷ್ಟು, ಒಂದೂ ಇಲ್ಲ. ಬೆಳಿಗ್ಗೆಯಿಂದ ಆ ಆರು ಸಾಲನ್ನೇ ಹಿಡಿದುಕೊಂಡು ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಓಡಾಡುತ್ತಿದ್ದೇನೆ. ಒಲೆಯ ಮೇಲಿಟ್ಟ ನೀರು ಆವಿಯಾಗಿ ಪಾತ್ರೆ ಕಪ್ಪಾಯಿತು.

ನನ್ನನ್ನು ಕೇಳಿದರೆ, ಬೈಂಡಿಂಗ್ ಕೋಣೆಗೇನಾಗಿದೆ? ನೆರಳು, ಕುರ್ಚಿ, ಫ್ಯಾನು. ಪುಸ್ತಕ ಹೊಲಿಯುವುದು ನಿನ್ನ ಅಮ್ಮ ಬಟ್ಟೆ ಹೊಲಿದ ಹಾಗೇ ಅಲ್ಲವಾ? ಸಂಬಳ ಅದೇ ಎಂದಿದ್ದೀಯ. ಸ್ವಲ್ಪ ಹೊಂದಿಕೊಂಡು ಹೋಗು. ಎಲ್ಲದಕ್ಕೂ ಸೆಟೆದು ನಿಂತರೆ ಕೊನೆಗೆ ಬೆನ್ನು ನೋಯುವುದು ನಮಗೇ.

ಫೋನಿನಲ್ಲಿ ಮುಖ ನೋಡಿ ಮಾತಾಡೋಣ ಎಂದಿದ್ದೀಯ, ಅದು ಬೇಡ. ಅಮ್ಮ ಹೋದ ಮೇಲೆ ಒಮ್ಮೆ ಪ್ರಯತ್ನಿಸಿದೆವಲ್ಲ. ನೀನು ಕೈ ಆಡಿಸಿದೆ, ನಾನು ತಲೆ ಆಡಿಸಿದೆ. ನಾನು ಬಾಯಿ ಆಡಿಸಿದೆ, ನೀನು ತಲೆ ಆಡಿಸಿದೆ. ಇಬ್ಬರೂ ಚೆನ್ನಾಗಿ ತಲೆ ಆಡಿಸಿ ಫೋನ್ ಇಟ್ಟೆವು. ನಿನ್ನ ಕೈಯ ಮಾತನ್ನು ನನಗೆ, ನನ್ನ ಬಾಯಿಯ ಮಾತನ್ನು ನಿನಗೆ ದಾಟಿಸುತ್ತಿದ್ದವಳು ಅವಳು. ಇನ್ನು ಫೋನಿನಲ್ಲಿ ಬರೆಯೋಣವೆಂದರೆ ಒಂದು ಅಕ್ಷರ ಒತ್ತಿದರೆ ಮೂರು ಕೂರುತ್ತವೆ. ಕಾಗದವೇ ವಾಸಿ. ಕಾಗದ ಕಾಯುತ್ತದೆ.

ಶನಿವಾರ ಬೆಳಗಿನ ಹೊತ್ತು ಮಾತ್ರ ನಾನು ಮನೆಯಲ್ಲಿರುವುದಿಲ್ಲ. ಮಂಡಿ ನೋವಿಗೆ ವ್ಯಾಯಾಮ ಹೇಳಿಕೊಡುತ್ತಾರೆ, ಅಲ್ಲಿಗೆ ಹೋಗುತ್ತೇನೆ. ಗಾಬರಿಯಾಗುವಂಥದ್ದೇನಿಲ್ಲ.

ನಿನ್ನ ಅಪ್ಪ


ಜೂನ್ 9

ಅಪ್ಪ,

ಅಕ್ಷರದ ತಪ್ಪಲ್ಲ, ಪೆನ್ನು ಸರಿಯಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ನಮ್ಮ ಮಷಿನ್ ಹೊರಡುವ ಮೊದಲು ಗಂಟೆ ಬಾರಿಸುತ್ತಾರೆ. ಗಂಟೆ ಕೇಳಿದವರು ಕೈ ತೆಗೆಯಬೇಕು. ನನಗೆ ಕೇಳುವುದಿಲ್ಲ. ಅದಕ್ಕೇ ಗಂಟೆಯ ಜತೆಗೆ ಒಂದು ಕೆಂಪು ದೀಪ ಹಾಕಿ ಎಂದು ಸೇರಿದ ವರ್ಷದಿಂದ ಬರೆದು ಕೊಡುತ್ತಿದ್ದೇನೆ. ಪ್ರತಿ ಸಲವೂ ‘ಆಮೇಲೆ ನೋಡೋಣ’ ಎಂದು ಬರೆದು ಹಿಂದಕ್ಕೆ ಕೊಡುತ್ತಾರೆ. ಅಂದು ನಾನು ರೋಲರ್ ಒರೆಸುತ್ತಿದ್ದೆ. ಆ ತುದಿಯಲ್ಲಿ ಕಾಗದ ತುಂಬುವವನು ಗಂಟೆ ಬಾರಿಸಿ ಮಷಿನ್ ಬಿಟ್ಟ. ಆದದ್ದು ಅಷ್ಟೇ.

ಈಗ ಅವರು ಹೇಳುವುದು, ತಪ್ಪು ನನ್ನ ಕಿವಿಯದು. ನಾನು ಹೇಳುವುದು, ತಪ್ಪು ಇಲ್ಲದ ದೀಪದ್ದು.

ಬೈಂಡಿಂಗ್ ಕೆಟ್ಟ ಕೆಲಸವಲ್ಲ. ಆದರೆ ನಾನು ಮಷಿನ್ ಕಲಿತವಳು. ನಾಲ್ಕು ಬಣ್ಣ ಒಂದರ ಮೇಲೊಂದು ಕೂದಲೆಳೆಯಷ್ಟೂ ಜರುಗದೆ ಕೂರಬೇಕಾದರೆ ಇಲ್ಲಿ ನನ್ನನ್ನೇ ಕರೆಯುತ್ತಿದ್ದರು. ಮಷಿನ್ ಸರಿಯಾಗಿ ಓಡುತ್ತಿದೆಯೇ ಎಂದು ಉಳಿದವರು ಕಿವಿಯಿಂದ ಕೇಳುತ್ತಾರೆ, ನಾನು ಅಂಗಾಲಿನಿಂದ ತಿಳಿಯುತ್ತೇನೆ. ‘ಹೊಂದಿಕೊಂಡು ಹೋಗು’ ಎಂದು ಇನ್ನೊಮ್ಮೆ ಬರೆಯಬೇಡಿ.

ವಿಚಾರಣೆಗೆ ಸನ್ನೆ ಭಾಷೆ ಬಲ್ಲ ದುಭಾಷಿ ಬೇಕೆಂದು ಕೇಳಿದ್ದೇನೆ. ಕಿವಿ ಕೇಳದವರ ನಮ್ಮ ಸಂಘದಲ್ಲಿ ಒಬ್ಬರಿದ್ದಾರೆ, ಅದೇ ಅವರ ಕಸುಬು. ಕರೆಸುವುದು ಆಫೀಸಿನವರ ಕೆಲಸ, ಅದು ನನ್ನ ಹಕ್ಕು ಎಂದು ಸಂಘದವರು ಹೇಳುತ್ತಾರೆ. ಆಫೀಸು ಹೇಳುವುದು ಬೇರೆ: ‘ಯಾಕೆ ಸುಮ್ನೆ? ಬರೆದು ತೋರಿಸಿದ್ರೆ ಆಯ್ತು, ಇಲ್ಲಾ ಮನೆಯವರನ್ನ ಕರ್ಕೊಂಡು ಬಾ.’

ನೀವು ಬರಬೇಡಿ.

ಮಗಳು


ಜೂನ್ 14

ಮಗಳೇ,

‘ನೀವು ಬರಬೇಡಿ.’ ಎರಡೇ ಪದ. ಅದರ ಕೆಳಗೆ ಗೆರೆ ಬೇರೆ ಎಳೆದಿದ್ದೀಯ, ಅದೂ ಸೊಟ್ಟ.

ಬರುತ್ತೇನೆ ಎಂದು ನಾನು ಹೇಳಿದ್ದೆನಾ? ಕರೆಯದ ಮನೆಗೆ ಹೋಗಿ ಅಭ್ಯಾಸವಿಲ್ಲ ನನಗೆ. ಆದರೂ ಒಂದು ಮಾತು. ಈ ಊರಿನಲ್ಲಿ ಮೂವತ್ತು ವರ್ಷ ರೈಲು ಹಿಡಿದವರೆಲ್ಲ ಹಿಡಿದದ್ದು ನನ್ನ ದನಿ ಕೇಳಿ. ‘ಅಟೆನ್ಷನ್ ಪ್ಲೀಸ್’ ಎಂದರೆ ಅಳುವ ಮಕ್ಕಳೂ ಬಾಯಿ ಮುಚ್ಚುತ್ತಿದ್ದವು. ಅಂಥ ಅನೌನ್ಸರ್ ಅಪ್ಪ ನಿನ್ನ ಆಫೀಸಿನ ಬಾಗಿಲಲ್ಲಿ ನಿಂತರೆ ನಿನಗೆ ನಾಚಿಕೆ. ಇರಲಿ ಬಿಡು. ಅಂಗಿ ಹಳೆಯದಾಗಿದೆ ಎಂದೇನೋ. ಒಂದು ಹೊಸದು ತೆಗೆದುಕೊಂಡೆ, ತಿಳಿನೀಲಿ. ಯಾಕೆ ಎಂದು ಕೇಳಬೇಡ, ಸುಮ್ಮನೆ.

ದೀಪದ ವಿಷಯ ಯೋಚಿಸಿದೆ. ನೀನು ಹೇಳುವುದು ಸರಿ ಇರಬಹುದು. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಕಂಟ್ರೋಲ್ ರೂಮಿನಿಂದ ಫೋನ್ ಬಂದು, ಇಂಥ ಗಾಡಿ ಇಂಥ ಪ್ಲಾಟ್‌ಫಾರ್ಮು ಎಂದು ಅವರು ಹೇಳಿ, ಅದನ್ನೇ ನಾನು ತಿರುಗಿ ಅವರಿಗೆ ಒಪ್ಪಿಸಿ, ಅವರು ಹೂಂ ಎನ್ನುವವರೆಗೆ ಮೈಕಿನ ಗುಂಡಿ ಮುಟ್ಟುವ ಹಾಗಿಲ್ಲ. ಒಂದು ಸಂಜೆ ಫೋನಿನ ಲೈನು ಕೆಟ್ಟಿತ್ತು. ಜನ ಕಿಟಕಿ ಗುದ್ದುತ್ತಿದ್ದರು. ‘ದಿನಾ ಮೂರನೇ ಪ್ಲಾಟ್‌ಫಾರ್ಮಿಗೇ ಬರತ್ತಲ್ಲ ಮಾರಾಯ್ರೆ, ಸುಮಾರಾಗಿ ಹೇಳ್ಬಿಡಿ!’ ಒಬ್ಬ ಬೈದ, ಒಬ್ಬಳು ಅತ್ತಳು. ನಾನು ಬಾಯಿ ಬಿಡಲಿಲ್ಲ. ಗಾಡಿ ಬಂದದ್ದು ಒಂದಕ್ಕೆ. ಮೂರು ಎಂದಿದ್ದರೆ ಕೋಲೂರಿಕೊಂಡವರು, ಮಗು ಎತ್ತಿಕೊಂಡವರು ಅಷ್ಟು ಮೆಟ್ಟಿಲು ಹತ್ತಿ ಇಳಿದು ಗಾಡಿಯ ಬಾಲ ನೋಡುತ್ತ ನಿಲ್ಲುತ್ತಿದ್ದರು. ಎಲ್ಲಿಂದ ಎಲ್ಲಿಗೋ ಹೋದೆ. ಇನ್ ಎ ನಟ್‌ಶೆಲ್ ಹೇಳಬೇಕೆಂದರೆ… ನಟ್ಟು ಒಡೆಯಲಿಲ್ಲ. ಬಿಡು.

ನೀನು ಬರೆದೆಯಲ್ಲ, ‘ಆಮೇಲೆ ನೋಡೋಣ’ ಎನ್ನುತ್ತಾರೆ ಎಂದು. ಮೊನ್ನೆ ನಾನೂ ಒಂದು ಕಡೆ ಕೂತಿದ್ದೆ. ಎಲ್ಲಿ ಎಂಬುದು ಮುಖ್ಯವಲ್ಲ. ಎಲ್ಲರೂ ಒಟ್ಟಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೊಬ್ಬನಿಗೇ ಯಾಕೆಂದು ತಿಳಿಯಲಿಲ್ಲ. ಪಕ್ಕದವಳನ್ನು ಕೇಳಿದೆ. ಅವಳು ಕಣ್ಣೊರೆಸಿಕೊಳ್ಳುತ್ತ ಕಿವಿಯಲ್ಲಿ, ‘ಏನಿಲ್ಲ ಅಂಕಲ್, ಆಮೇಲೆ ಹೇಳ್ತೀನಿ’ ಎಂದಳು. ಆಮೇಲೆ ಹೇಳಲೂ ಇಲ್ಲ. ಮನೆಗೆ ಬಂದು ಊಟ ರುಚಿಸಲಿಲ್ಲ ಮಗಳೇ. ಒಂದು ನಗುವಿನದು! ಇಷ್ಟಕ್ಕೆ ಒಬ್ಬ ಮನುಷ್ಯನಿಗೆ ಇಷ್ಟು ಉರಿಯುತ್ತದೆಯೇ?

ನಿನ್ನ ಅಪ್ಪ


ಜೂನ್ 22

ಮಗಳೇ,

ಉತ್ತರವಿಲ್ಲ. ಅಂಚೆಯವನು ಇನ್ನೂ ಬೀದಿ ತುದಿಯಲ್ಲಿರುವಾಗಲೇ ನನ್ನನ್ನು ನೋಡಿ ಇಲ್ಲ ಎಂದು ಕೈ ಆಡಿಸುತ್ತಾನೆ. ಈಗ ನನಗೆ ಅಷ್ಟರ ಮಟ್ಟಿಗೆ ಸನ್ನೆ ಗೊತ್ತಾಗುತ್ತದೆ ನೋಡು.

ಸಿಟ್ಟಿದ್ದರೆ ಸಿಟ್ಟು ಎಂದಾದರೂ ಬರೆ. ಕೂತಲ್ಲಿ ಕೂರಲಾಗುತ್ತಿಲ್ಲ. ಪೇಪರನ್ನು ಹಿಂದಿನಿಂದ ಮುಂದಕ್ಕೆ ಓದಿ, ಮತ್ತೆ ಮುಂದಿನಿಂದ ಹಿಂದಕ್ಕೆ ಓದುತ್ತೇನೆ. ಕೆಳಮನೆಯಾಕೆ, ಅದೇ, ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರಾದವರು, ನಿನ್ನೆ ಮೆಟ್ಟಿಲಲ್ಲಿ ತಡೆದು ನಿಲ್ಲಿಸಿದರು. ‘ಅನೌನ್ಸರ್ರೇ, ಬಾಲ್ಕನಿಯಲ್ಲಿ ನಿಂತ್ಕೊಂಡು ಅದೇನು ಕೈ ಬೀಸ್ತಿರ್ತೀರಿ? ಸೊಳ್ಳೆ ಕಾಟವಾ?’ ಹೌದು, ವಿಪರೀತ ಸೊಳ್ಳೆ ಎಂದೆ. ಸಂಜೆ ಒಂದು ಹಳೆಯ ಸೊಳ್ಳೆಪರದೆ ತಂದು ಕೊಟ್ಟು ಹೋದರು. ಈಗ ಅದನ್ನು ಕಟ್ಟಿಕೊಂಡು ಮಲಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಬರೆ. ಆರು ಸಾಲಾದರೂ ಸರಿ, ಕಾಗೆಯ ಕಾಲಾದರೂ ಸರಿ.

ಅಪ್ಪ


ಜೂನ್ 28

ಅಪ್ಪ,

ನಿನ್ನೆ ಶನಿವಾರ ನಾನು ಬಂದಿದ್ದೆ. ನಿಮಗೆ ಒಂದು ವಿಷಯ ಎದುರಿಗೇ ಹೇಳಬೇಕಿತ್ತು. ನಿಮ್ಮ ಶನಿವಾರದ ವ್ಯಾಯಾಮ ಮರೆತೇ ಹೋಗಿತ್ತು, ಮನೆಗೆ ಬೀಗ. ಸಂಜೆ ಸಂಘದ ಸಭೆ ಇದ್ದದ್ದರಿಂದ ಹೆಚ್ಚು ಹೊತ್ತು ಕಾಯಲಾಗಲಿಲ್ಲ.

ಕೆಳಮನೆಯ ಆಂಟಿ ಒಳಗೆ ಕರೆದು ಟೀ ಕೊಟ್ಟರು. ಕಾಗದದ ಮೇಲೆ ಬರೆದು ಹೇಳಿದರು: ‘ಪ್ರತಿ ಶನಿವಾರ ಕ್ರಾಪು ಬಾಚಿ, ಹೊಸ ಅಂಗಿ ಹಾಕಿಕೊಂಡು ಹೋಗ್ತಾರೆ. ಎಲ್ಲಿಗೆ ಅಂದ್ರೆ ಮಂಡಿ ಅಂತಾರೆ. ಮಂಡಿ ನೋವಿನವರು ಹಾಗೆ ಮೆಟ್ಟಿಲು ಇಳಿಯಲ್ಲ. ಒಂದು ಸಲ ಬಸ್ ಸ್ಟಾಪಲ್ಲಿ ಒಬ್ಬ ಹೆಂಗಸಿನ ಜತೆ ನಗ್ತಾ ನಿಂತಿದ್ರು.’

ಅಪ್ಪ, ಯಾರಾದರೂ ಇದ್ದರೆ ನೇರವಾಗಿ ಹೇಳಿ. ಅಮ್ಮ ಹೋಗಿ ಎರಡು ವರ್ಷವಾಯಿತು. ನಾನು ಚಿಕ್ಕ ಮಗುವಲ್ಲ, ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೆ ನನ್ನ ಬಗ್ಗೆ ಹೇಳಿದ್ದೀರಾ? ಕಿವಿ ಕೇಳದ ಮಗಳಿದ್ದಾಳೆ ಎಂದು ಹೇಳಲು ಹಿಂಜರಿಕೆಯೇ? ಇಷ್ಟೇ ಕೇಳಬೇಕಿತ್ತು.

ವಿಚಾರಣೆ ಜುಲೈ 10ಕ್ಕೆ. ದುಭಾಷಿ ಬೇಡ, ಬರೆದು ಉತ್ತರಿಸು ಎಂದು ಖಡಾಖಂಡಿತವಾಗಿ ಹೇಳಿದ್ದಾರೆ. ಈಗ ನನಗೆ ಅಲ್ಲಿ ಕೂತು ಬೇಗ ಬೇಗ ಬರೆಯಲಾಗುವುದಿಲ್ಲ. ದುಭಾಷಿ ಇಲ್ಲದೆ ಒಂದು ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ಸುಮ್ಮನಿದ್ದರೆ ತಪ್ಪು ಒಪ್ಪಿದಂತೆ ಎಂದು ಬರೆದುಕೊಳ್ಳುತ್ತಾರೆ, ಆಮೇಲೆ ಮಷಿನ್ ಶಾಶ್ವತವಾಗಿ ಹೋಗುತ್ತದೆ. ಗೊತ್ತಿದೆ. ಆದರೂ.

ಮಗಳು


ಜುಲೈ 2

ಮಗಳೇ,

ಹೆಂಗಸು! ಈ ವಯಸ್ಸಿನಲ್ಲಿ! ಕಾಗದ ಓದಿ ಕುರ್ಚಿಯಿಂದ ಎದ್ದವನು ಎದ್ದೇ ಇದ್ದೇನೆ, ನಿಂತೇ ಬರೆಯುತ್ತಿದ್ದೇನೆ. ಇಳಿದು ಹೋಗಿ ಕೆಳಮನೆಯಾಕೆಯನ್ನು ಕೇಳಿದೆ. ‘ನಗ್ತಾ ಇದ್ದದ್ದು ನಿಜ ತಾನೇ?’ ಎಂದರು. ನಗುವುದಕ್ಕೂ ಲೈಸೆನ್ಸ್ ಬೇಕೆ? ಆ ಹುಡುಗಿಗೆ ನಿನ್ನಷ್ಟೂ ವಯಸ್ಸಿಲ್ಲ, ಕಂಕುಳಲ್ಲಿ ಮಗು ಬೇರೆ ಇತ್ತು. ಆ ಮಗು ನನ್ನ ಕನ್ನಡಕ ಕಿತ್ತುಕೊಂಡಿತು, ಅದಕ್ಕೆ ನಕ್ಕೆ. ಅವಳ್ಯಾರು, ಏನು ಎಂಬುದನ್ನು ಸಮಯ ಬಂದಾಗ ಹೇಳುತ್ತೇನೆ. ನಿನ್ನ ಬಗ್ಗೆ ಅವಳಿಗೆ ಹೇಳಿದ್ದೇನೆ. ನನಗೆ ಅಲ್ಲಿ ನಿನ್ನ ಬಗ್ಗೆ ಬಿಟ್ಟು ಬೇರೆ ಮಾತೇ ಇಲ್ಲ.

ಕೆಳಮನೆಯಾಕೆ ಇನ್ನೊಂದು ಮಾತೆಂದರು. ‘ಮಗಳ ಕೈಬರಹ ನೋಡಿದೀರಲ್ಲ? ಸರಿಯಾಗಿ ನೋಡಿ’ ಎಂದು ಎರಡು ಸಲ ಹೇಳಿದರು. ನೋಡುವುದೇನು, ಪೆನ್ನು ಕೆಟ್ಟಿದೆ ಎಂದು ನೀನೇ ಬರೆದಿದ್ದೀಯ. ಅದಕ್ಕೇ ಇದರ ಜತೆ ಒಂದು ಒಳ್ಳೆಯ ಪೆನ್ನು ಕಳಿಸಿದ್ದೇನೆ. ಹಿಡಿತ ದಪ್ಪಗಿದೆ, ಚೆನ್ನಾಗಿ ಓಡುತ್ತದೆ.

ಎದುರಿಗೇ ಹೇಳಬೇಕಾದ ವಿಷಯ ಏನು? ಇನ್ನೊಂದು ಊರಿಗೆ ಹೋಗುತ್ತೀಯಾ? ಮದುವೆಯಾ? ಒಳ್ಳೆಯದೋ ಕೆಟ್ಟದ್ದೋ ಎಂದಾದರೂ ಬರೆ.

ಹತ್ತನೇ ತಾರೀಖು ಧೈರ್ಯವಾಗಿರು. ಆ ದಿನ ನಾನು… ನಾನು ಮನೆಯಲ್ಲೇ ಇರುತ್ತೇನೆ, ಇನ್ನೆಲ್ಲಿರಲಿ. ನಿನ್ನ ಆಫೀಸಿನವರು ನೀನು ತಿಳಿದಷ್ಟು ಕೆಟ್ಟವರಲ್ಲ, ಮರ್ಯಾದೆಯಾಗಿ ಬರೆಯುತ್ತಾರೆ. ಬರೆಯುತ್ತಾರೆ ಎಂದು ಕೇಳಿದ್ದೇನೆ. ಎಲ್ಲ ಸರಿಹೋಗುತ್ತದೆ. ಲೀಸ್ಟ್ ಬಟ್ ನಾಟ್ ಲಾಸ್ಟ್, ಬೆಳಿಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗು.

ಅಪ್ಪ


ಜುಲೈ 11

ಅಪ್ಪ,

ನಾನು ಕಂಡದ್ದನ್ನು ಬರೆಯುತ್ತೇನೆ. ಕೇಳಿದ್ದನ್ನು ನೀವು ಬರೆಯಿರಿ. ಒಂದು ಪದವೂ ಬಿಡಬಾರದು.

ಮೇಜಿನ ಆ ಕಡೆ ಮ್ಯಾನೇಜರು, ಗುಮಾಸ್ತ, ಆಡಳಿತ ಮಂಡಳಿಯ ಒಬ್ಬ ಯಜಮಾನರು. ಈ ಕಡೆ ನಾನೊಬ್ಬಳು. ಬಾಗಿಲು ತೆರೆಯಿತು. ತಿಳಿನೀಲಿ ಅಂಗಿ ಹಾಕಿಕೊಂಡು ನೀವು ಬಂದಿರಿ. ಬರಬೇಡಿ ಎಂದು ಗೆರೆ ಎಳೆದು ಬರೆದಿದ್ದೆ. ಹುಡುಗಿಯನ್ನು ಬೈಂಡಿಂಗಿನಲ್ಲೇ ಇಟ್ಟುಕೊಳ್ಳಿ ಸ್ವಾಮಿ ಎಂದು ಕೈಮುಗಿಯಲು ಬಂದಿದ್ದಾರೆ ಎಂದುಕೊಂಡೆ.

ನೀವು ಬಾಗಿಲಲ್ಲೇ ನಿಂತು ಮುಷ್ಟಿಯನ್ನು ಬಾಯಿಯ ಮುಂದೆ, ಮೈಕ್ ಹಿಡಿದ ಹಾಗೆ ಹಿಡಿದಿರಿ. ಅದು ಸನ್ನೆಯಲ್ಲಿ ಅಮ್ಮನೂ ನಾನೂ ನಿಮಗೆ ಇಟ್ಟ ಹೆಸರು. ಆ ಹೆಸರು ನಿಮಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ನೀವು ಬಂದು ನನ್ನ ಪಕ್ಕ ಕೂತ ಮೇಲೆ ಮ್ಯಾನೇಜರ ತುಟಿ ಆಡಿತು. ನೀವು ನನ್ನ ಕಡೆ ತಿರುಗಿ ಕೈ ಎತ್ತಿದಿರಿ. ‘ಸ್ಕೂಲು. ಗಂಟೆ. ಮಗು ನಿದ್ದೆ?’ ಎಂದಿರಿ. ಮತ್ತೆ ‘ಎದ್ದೇಳು’ ಎಂದಿರಿ. ಚಿಕ್ಕ ಮಕ್ಕಳ ಸನ್ನೆ ಅದು. ಯಾರು ಕಲಿಸಿದರು ನಿಮಗೆ? ನನಗೆ ನಗು ಬಂತು, ಅಳುವೂ ಬಂತು, ಮಷಿನ್ ಹೋಯಿತು ಎಂದೂ ಅನಿಸಿತು. ನಾನು ಒಂದೇ ಸಮನೆ ಹೇಳತೊಡಗಿದೆ. ಅವರಿಗೂ ಹೇಳಿದೆ, ನಿಮಗೂ ಹೇಳಿದೆ.

ಅರ್ಧದಲ್ಲಿ ನಿಮ್ಮ ಕಣ್ಣು ನನ್ನ ಬಲಗೈ ಮೇಲೆ ನಿಂತಿತು. ಬ್ಯಾಂಡೇಜಿನ ಮೇಲೆ. ಆಮೇಲೆ ನೀವು ನನ್ನ ಮುಖ ನೋಡಲಿಲ್ಲ.

ಅವರು ಏನೋ ಕೇಳಿದರು. ನೀವು ಬೆರಳು ಮಡಿಸಿ ಏನೋ ಹೇಳಿದಿರಿ. ಗುಮಾಸ್ತ ನಕ್ಕ. ಬಹಳ ಹೊತ್ತು ಯಾರ ತುಟಿಯೂ ಆಡಲಿಲ್ಲ. ಆಮೇಲೆ ನೀವು ಎದ್ದು ನಿಂತು ಏನೋ ಹೇಳಿದಿರಿ, ಚಿಕ್ಕದು. ಗುಮಾಸ್ತನ ನಗು ಹೋಯಿತು. ಮತ್ತೆ ಏನೋ, ಉದ್ದದ್ದು. ಕಿಟಕಿಯ ಹೊರಗೆ ಅಂಗಳದಲ್ಲಿದ್ದವರೂ ತಿರುಗಿ ನೋಡಿದರು. ಯಜಮಾನರು ಪೆನ್ನಿಗೆ ಮುಚ್ಚಳ ಹಾಕಿದರು. ನನಗೆ ಸಿಕ್ಕಿದ್ದು ಒಂದು ಚೀಟಿ: ‘ಮುಂದೂಡಲಾಗಿದೆ.’

ಗೇಟಿಗೆ ಓಡಿ ಬಂದೆ. ನೀವಿರಲಿಲ್ಲ.

ಏನು ಹೇಳಿದಿರಿ ಅಪ್ಪ?

ಮಗಳು


ಜುಲೈ 15

ಮಗಳೇ,

ಗೇಟಿನಲ್ಲಿ ನಿಲ್ಲಲಾಗಲಿಲ್ಲ. ನಿಂತಿದ್ದರೆ ನಿನ್ನ ಕೈ ಹಿಡಿದು ನೋಡಬೇಕಿತ್ತು. ಎಡಗೈಯಲ್ಲಿ ಬರೆದ ಅಕ್ಷರಕ್ಕೆ ಕಾಗೆಯ ಕಾಲು ಎಂದವನು ನಾನು, ಮೇಲಿಂದ ಪೆನ್ನು ಕಳಿಸಿದವನು. ಎದುರಿಗೇ ಹೇಳಬೇಕೆಂದು ಬಂದದ್ದು ಇದನ್ನೇ ಎಂದು ರೈಲಿನಲ್ಲಿ ಕೂತ ಮೇಲೆ ಹೊಳೆಯಿತು. ಯಾವ ಬೆರಳು, ಎಷ್ಟು ಮುರಿದಿದೆ, ನಿಜ ಬರೆ. ‘ಸಣ್ಣದು’ ಎಂದು ಬರೆದರೆ ನಾನು ಮುಂದಿನ ಗಾಡಿ ಹತ್ತುತ್ತೇನೆ.

ಈಗ ಕೇಳಿದ್ದು. ಒಂದು ಪದವೂ ಬಿಡುವುದಿಲ್ಲ.

ನಿನ್ನ ಆಫೀಸಿನವರು ಜೂನ್ ಕೊನೆಗೆ ನನಗೇ ಕಾಗದ ಹಾಕಿದ್ದರು. ತಂದೆಯಾದ ತಾವು ಬಂದು ಮಗಳ ಮಾತನ್ನು ತಿಳಿಸಿಕೊಡಬೇಕು ಎಂದು. ನಾನು ಉಬ್ಬಿಹೋದೆ. ನನಗೆ ಸನ್ನೆ ಬರುತ್ತದೆ ಎಂದುಕೊಂಡಿದ್ದೆ. ಶನಿವಾರ ನಾನು ಹೋಗುತ್ತಿದ್ದದ್ದು ಕಿವಿ ಕೇಳದ ಮಕ್ಕಳ ಶಾಲೆಗೆ, ಅಲ್ಲಿ ತಾಯಂದಿರಿಗೆ ಸನ್ನೆ ಕಲಿಸುತ್ತಾರೆ. ಪುಟ್ಟ ಪುಟ್ಟ ಕುರ್ಚಿ, ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ಗಂಡಸು ನಾನೊಬ್ಬನೇ, ಬಸ್ ಸ್ಟಾಪಿನ ಆ ಹುಡುಗಿಯೂ ಅಲ್ಲಿ ಕಲಿಯುವವಳೇ. ಕಲಿಸುವಾಕೆಗೂ ಕಿವಿ ಕೇಳದು, ಅಲ್ಲಿ ಬಾಯಿ ತೆರೆಯುವ ಹಾಗಿಲ್ಲ. ಅವರು ಕಲಿಸುವುದು ಎರಡು ವರ್ಷದ ಮಗುವಿಗೆ ಬೇಕಾದದ್ದು: ಹಾಲು, ನಿದ್ದೆ, ಅಮ್ಮ, ದೀಪ, ಬೆಕ್ಕು, ಸ್ಕೂಲು, ಗಂಟೆ, ಎದ್ದೇಳು. ಅಷ್ಟನ್ನೇ ಕಟ್ಟಿಕೊಂಡು ನಿನ್ನ ವಿಚಾರಣೆಗೆ ಹೊರಟೆ ನೋಡು, ನನ್ನಂಥ ಜಾಣ ಇನ್ನೊಬ್ಬನಿಲ್ಲ.

ಮ್ಯಾನೇಜರು ಮೊದಲು ಕೇಳಿದ್ದು: ‘ಗಂಟೆ ಹೊಡೆದಾಗ ಕೈ ಯಾಕೆ ತೆಗೀಲಿಲ್ಲ ಅಂತ ಕೇಳಿ.’ ಅದನ್ನು ನಾನು ಹೇಗೆ ಕೇಳಿದೆ ಎಂದು ನಿನಗೆ ಗೊತ್ತು.

ನೀನು ಹೇಳಿ ಮುಗಿಸಿದೆ. ‘ಏನಂದ್ರು ಸಾರ್?’ ಎಂದರು.

ನಾನು ಬೆರಳು ಮಡಿಸಿದೆ. ‘ದೀಪ ಅಂದ್ಲು. ಅಮ್ಮ ಅಂದ್ಲು. ಇಲ್ಲ ಅಂದ್ಲು.’

‘ಅಷ್ಟು ಹೊತ್ತು ಕೈ ಆಡಿಸಿದ್ದು ಮೂರೇ ಮಾತಾ?’

ಗುಮಾಸ್ತ ನಗುತ್ತ, ‘ಸುಮಾರಾಗಿ ಹೇಳಿದ್ರೆ ಸಾಕು ಸಾರ್. ನಿಮ್ಮ ಮಗಳು ತಾನೇ, ನಿಮಗೆ ಗೊತ್ತಿರತ್ತೆ. ನಾನು ಚೆಂದ ಮಾಡಿ ಬರ್ಕೊಳ್ತೀನಿ’ ಎಂದ.

ಆಗ ಯಾರೂ ಮಾತಾಡಲಿಲ್ಲ ಎಂದು ಬರೆದಿದ್ದೀಯಲ್ಲ, ಆ ಹೊತ್ತಿನಲ್ಲಿ ನನ್ನ ಬಾಯಿಗೆ ಒಂದು ಭಾಷಣ ಬಂದು ನಿಂತಿತ್ತು. ರೈಲಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದದ್ದು, ನಡುವೆ ಇಂಗ್ಲಿಷೂ ಇತ್ತು. ತಾಯಿಯಿಲ್ಲದ ಹುಡುಗಿ, ದೇವರು ಕಿವಿ ಕೊಡಲಿಲ್ಲ, ದೊಡ್ಡವರು ನೀವು ಕೈ ಬಿಡಬೇಡಿ. ನನ್ನ ದನಿಯಲ್ಲಿ ಹೇಳಿದ್ದರೆ ಯಜಮಾನರು ಕರವಸ್ತ್ರ ತೆಗೆಯುತ್ತಿದ್ದರು. ಮಷಿನ್ನೂ ಸಿಗುತ್ತಿತ್ತೇನೋ. ಅದನ್ನು ನೀನು ಹೇಳಿದೆ ಎಂದು ಗುಮಾಸ್ತ ಚೆಂದ ಮಾಡಿ ಬರೆದುಕೊಳ್ಳುತ್ತಿದ್ದ. ನೀನು ಹೇಳದ ಮಾತು, ನಿನ್ನ ಹೆಸರಿನಲ್ಲಿ. ನಿನಗೆ ಗೊತ್ತೂ ಆಗುತ್ತಿರಲಿಲ್ಲ. ಬ್ಯಾಂಡೇಜು ಕಟ್ಟಿದ ಕೈಯಿಂದ ನೀನು ಅಷ್ಟು ಹೊತ್ತು ಹೇಳಿದ್ದೆಲ್ಲ ನನ್ನ ಭಾಷಣದ ಕೆಳಗೆ ಹೂತುಹೋಗುತ್ತಿತ್ತು.

ನಾನು ಎದ್ದು ನಿಂತೆ. ‘ನನಗೆ ಅರ್ಥವಾಗಲಿಲ್ಲ’ ಎಂದೆ. ನೀನು ಕಂಡ ಚಿಕ್ಕ ಮಾತು ಅದೇ.

‘ಪರವಾಗಿಲ್ಲ, ಸುಮಾರಾಗಿ…’ ಎಂದ ಗುಮಾಸ್ತ.

ಆಗ ಮಗಳೇ, ರಿಟೈರಾದ ಮೇಲೆ ಮೊದಲ ಸಲ ನನ್ನ ಹಳೆಯ ದನಿ ಎದ್ದು ಬಂತು. ‘ಸ್ವಾಮಿ, ಮೂವತ್ತು ವರ್ಷ ರೈಲು ಅನೌನ್ಸ್ ಮಾಡಿದೀನಿ. ಸುಮಾರಾಗಿ ಇಂಥ ಪ್ಲಾಟ್‌ಫಾರ್ಮಿಗೆ ಬರತ್ತೆ ಅಂತ ಒಂದು ದಿನಾನೂ ಹೇಳಿದೋನಲ್ಲ. ನಾನು ಇವಳಪ್ಪ. ಇವಳ ಬಾಯಿ ಅಲ್ಲ. ಇವಳು ಹೇಳಬೇಕಾದ್ದನ್ನ ಹೇಳಿದಾಳೆ, ಕೇಳಿಸದೇ ಇರೋದು ನನಗೆ ಮತ್ತು ನಿಮಗೆ. ಇವಳು ಮೊದಲಿಂದ ಕೇಳ್ತಿರೋ ದುಭಾಷಿಯನ್ನ ಕರೆಸಿ. ಅದು ಇವಳ ಹಕ್ಕು. ಅಲ್ಲೀತನಕ ಆ ಹಾಳೆ ಮೇಲೆ ಒಂದಕ್ಷರ ಬರೀಬೇಡಿ.’

ಇಷ್ಟೇ. ಯಜಮಾನರು ಪೆನ್ನಿಗೆ ಮುಚ್ಚಳ ಹಾಕಿದ್ದು ಆಗಲೇ.

ಕೆಲಸ ಕೆಡಿಸಿದೆನೋ ಏನೋ. ಬಂದಾಗಿನಿಂದ ನಿದ್ದೆಯಿಲ್ಲ. ಸೊಳ್ಳೆಪರದೆಯೊಳಗೆ ಕೂತಿರುತ್ತೇನೆ. ದೀಪ ಎಂದದ್ದು ಯಾಕೆಂದು ಗೊತ್ತು. ಅಮ್ಮ, ಇಲ್ಲ. ಇವೆರಡು ಏನೆಂದು ಹೊಳೆಯುತ್ತಿಲ್ಲ.

ಅಪ್ಪ


ಆಗಸ್ಟ್ 1

ಅಪ್ಪ,

ನಡುಬೆರಳು, ಉಂಗುರದ ಬೆರಳು. ಎರಡೂ ಮುರಿದಿದ್ದವು. ಬ್ಯಾಂಡೇಜು ಬಿಚ್ಚಿದ್ದಾರೆ. ಒಂದು ಸರಿಯಾಗಿದೆ, ಇನ್ನೊಂದು ಪೂರ್ತಿ ಮಡಚುವುದಿಲ್ಲ. ಈ ಕಾಗದ ಬಲಗೈಯಲ್ಲಿ, ನಿಮ್ಮ ಪೆನ್ನಿನಲ್ಲಿ ಬರೆದದ್ದು. ಹಿಡಿತ ದಪ್ಪಗಿದ್ದದ್ದು ಒಳ್ಳೆಯದಾಯಿತು.

ನಿನ್ನೆ ವಿಚಾರಣೆ ಮುಗಿಯಿತು. ದುಭಾಷಿ ಬಂದಿದ್ದರು. ಯಜಮಾನರು ಕೇಳಿದ್ದು ನನಗೆ ತಕ್ಷಣ ಸಿಕ್ಕಿತು, ನಾನು ಹೇಳಿದ್ದು ಅವರಿಗೆ ತಕ್ಷಣ ಸಿಕ್ಕಿತು. ಗುಮಾಸ್ತನಿಗೆ ಚೆಂದ ಮಾಡಲು ಜಾಗವೇ ಸಿಗಲಿಲ್ಲ. ಕಾಗದ ತುಂಬುವವನನ್ನೂ ಕರೆದು ಕೇಳಿದರು. ಅವನು ಹೇಳಿದ್ದನ್ನು ದುಭಾಷಿ ನನಗೆ ತಿಳಿಸಿದರು: ‘ಎಲ್ಲಾ ಮಷಿನ್ ಒಟ್ಟಿಗೆ ಓಡೋವಾಗ ಆ ಗಂಟೆ ನನಗೂ ಕೇಳಲ್ಲ ಸಾರ್. ಅಭ್ಯಾಸದ ಮೇಲೆ ಕೈ ತೆಗೀತೀವಿ.’ ಯಜಮಾನರು ಅವನನ್ನೂ, ಆಮೇಲೆ ಮ್ಯಾನೇಜರನ್ನೂ ನೋಡಿದರು.

ಮೂರು ಮಷಿನ್ನಿಗೂ ದೀಪ ಹಾಕುತ್ತಾರೆ. ನನ್ನದಕ್ಕೆ ಇವತ್ತೇ ಹಾಕಿದರು. ಸೋಮವಾರದಿಂದ ನಾನು ಮತ್ತೆ ಮಷಿನ್ ಮೇಲೆ. ಮೂರು ತಿಂಗಳು ನೋಡುತ್ತಾರಂತೆ, ಆಮೇಲೆ ಖಾಯಂ. ಉಳಿದವರಿಗೆ ಇಂಥ ಮೂರು ತಿಂಗಳು ಇಲ್ಲ, ನನಗೆ ಮಾತ್ರ ಯಾಕೆ ಎಂದು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಬಿಡುವುದಿಲ್ಲ.

ನೀವು ಬರಬೇಡಿ ಎಂದದ್ದು ನಾಚಿಕೆಯಿಂದ ಅಲ್ಲ. ನೀವು ಬಂದರೆ ಎಲ್ಲರೂ ನಿಮ್ಮ ಮುಖ ನೋಡಿ ಮಾತಾಡುತ್ತಾರೆ, ನಾನು ಪಕ್ಕದಲ್ಲಿಟ್ಟ ಚೀಲದ ಹಾಗೆ ಕೂತಿರುತ್ತೇನೆ ಎಂದು.

ಅಂದು ನಾನು ಹೇಳಿದ್ದರಲ್ಲಿ ದೀಪದ ಮಾತು ಆಫೀಸಿನವರಿಗೆ. ಅಮ್ಮನ ಮಾತು ನಿಮಗೆ. ಅದನ್ನು ದುಭಾಷಿಗೂ ಹೇಳಿಲ್ಲ. ಮುಂದಿನ ಕಾಗದದಲ್ಲಿ ಬರೆಯಲೇ?

ಮಗಳು


ಆಗಸ್ಟ್ 7

ಮಗಳೇ,

ಬರೆಯಬೇಡ.

ಇದು ನಾನು ಬರೆದ ಅತಿ ಚಿಕ್ಕ ಉತ್ತರ, ಇಟ್ಟುಕೋ. ಕೆಳಮನೆಯಾಕೆಗೆ ಎಲ್ಲ ಹೇಳಿದೆ. ‘ಹಾಗಾದ್ರೆ ಸೊಳ್ಳೆ ಇರ್ಲಿಲ್ವಾ?’ ಎಂದು ಪರದೆ ವಾಪಸ್ ತೆಗೆದುಕೊಂಡು ಹೋದರು. ತರಗತಿಯಲ್ಲಿ ಈಗ ಬೆಕ್ಕು ಮುಗಿದು ಬೇಜಾರು, ಸಿಟ್ಟು, ಇನ್ನೊಮ್ಮೆ, ನಿಧಾನ ಇವಕ್ಕೆ ಬಂದಿದ್ದೇವೆ.

ಮುಂದಿನ ವಾರದ ಶನಿವಾರ ತರಗತಿ ಇಲ್ಲ, ರಜೆ. ಬೆಳಗಿನ ಗಾಡಿಗೆ ಬಾ. ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೋ ಗೊತ್ತಿಲ್ಲ, ಗೊತ್ತಾಗುವವರೆಗೆ ಮೇಲ್ಸೇತುವೆಯ ಮೇಲೆ ನಿಂತಿರುತ್ತೇನೆ. ಮುಷ್ಟಿಯನ್ನು ಬಾಯಿಯ ಮುಂದೆ ಹಿಡಿದ ಮುದುಕ ಕಂಡರೆ ಅದು ನಾನೇ.

ಅಮ್ಮನ ಮಾತನ್ನು ಮನೆಗೆ ಬಂದು, ಬೆಳಕಿರುವ ಕಡೆ ಕೂತು, ಆ ಮಡಚದ ಬೆರಳಿನಿಂದಲೇ ಹೇಳು. ನಾನು ತಲೆ ಆಡಿಸುವುದಿಲ್ಲ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನುತ್ತೇನೆ. ನೀನು ಇನ್ನೊಮ್ಮೆ ಹೇಳು.

ಅಪ್ಪ